ಜಾರುವ ಕಾಯಿ

ಕಾಯಿ ಜಾರುತ್ತದೆ ಎಂಬ ದೂರು ಬೆಳಬೆಳಗ್ಗೆಯೇ ಬಂದಿತ್ತು. ಕೊಟ್ಟವರು ಅಂಥಿಂಥವರಲ್ಲ, ಕಂಪನಿಯ ಯಜಮಾನರ ಅತ್ತೆ.

ದೂರು ಬಂದು ಬಿದ್ದದ್ದು ಬೆರಳಪ್ಪನ ತಲೆಯ ಮೇಲೆ. ಅದು ಆಫೀಸಿನವರು ಇಟ್ಟ ಅಡ್ಡಹೆಸರು. ಆ ಪುಟ್ಟ ಕಂಪನಿ ಫೋನಿನಲ್ಲಿ ಆಡುವ ಹಾವು-ಏಣಿ ಆಟವೊಂದನ್ನು ತಯಾರಿಸುತ್ತಿತ್ತು. ಪರದೆಯ ಮೇಲೆ ಬೆರಳು ಎಲ್ಲಿ ಒತ್ತಬೇಕು, ಹೇಗೆ ಎಳೆಯಬೇಕು, ಎಳೆದರೆ ಏನಾಗಬೇಕು ಎಂದು ಯೋಚಿಸುವುದಷ್ಟೇ ಅವನ ಕೆಲಸ. ಇಷ್ಟಕ್ಕೂ ಸಂಬಳ ಕೊಡುತ್ತಾರೆಯೇ ಎಂದು ಅವನ ಮಾವನಿಗೆ ಮೊದಲಿನಿಂದಲೂ ಅನುಮಾನ. ಅನುಮಾನ ಪೂರ್ತಿ ತಪ್ಪೂ ಅಲ್ಲ, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ನಿಜವಾದ ಹಲಗೆಯ ಮೇಲೆ ಆಡಿದ ಹಾಗಿರಲಿ ಎಂದು, ಆಡುವವರೇ ಕಾಯಿಯನ್ನು ಬೆರಳಿನಿಂದ ಎಳೆದುಕೊಂಡು ಹೋಗುವಂತೆ ಅವನು ಮಾಡಿದ್ದ. ಆದರೆ ಬೆರಳೆತ್ತುವಾಗ ತುಸು ಹೊರಳಿದರೆ ಸಾಕು, ಕಾಯಿ ಒಂದು ಮನೆ ಮುಂದಕ್ಕೆ ಜಾರಿಬಿಡುತ್ತಿತ್ತು.

"ಅತ್ತೆಯವರು ಸಂಜೆ ಇಲ್ಲಿಗೇ ಬಂದು ಯಜಮಾನರ ಜೊತೆ ಆಡ್ತಾರಂತೆ," ಎಂದ ಮ್ಯಾನೇಜರ್. "ಕಾಯಿ ಜಾರದಿದ್ರೆ ನಿನ್ನ ಕೆಲಸ ಕಾಯಂ. ಜಾರಿತೋ, ನೀನೂ ಅದರ ಹಿಂದೇನೇ ಜಾಗ ಖಾಲಿ ಮಾಡು."

ಬೆರಳಪ್ಪ ಫೋನು ಹಿಡಿದು ಆಫೀಸೆಲ್ಲ ಸುತ್ತಿದ. ಅಕೌಂಟೆಂಟರ ಹೆಬ್ಬೆರಳು ಸ್ನಾನದ ಸೋಪಿನಷ್ಟು ದಪ್ಪ. "ಕಾಯಿ ದೊಡ್ಡದು ಮಾಡಪ್ಪಾ, ಬೆರಳ ಕೆಳಗೆ ಎಲ್ಲಿದೆ ಅಂತಾನೇ ಗೊತ್ತಾಗಲ್ಲ," ಎಂದರು. ದೊಡ್ಡದು ಮಾಡಿದ. ಅದರಡಿ ಹಾವಿನ ಬಾಯಿಗಳೆಲ್ಲ ಮುಚ್ಚಿಹೋದವು.

"ಇದೇನು ಕಾಯಿನಾ, ಕುಂಬಳಕಾಯಿನಾ?" ಎಂದಳು ರಿಸೆಪ್ಷನಿಸ್ಟ್. ಅವಳದು ಬೇರೆಯೇ ಗೋಳು. "ನನ್ನ ಉಗುರನ್ನ ನಿನ್ನ ಫೋನು ಕ್ಯಾರೇ ಅನ್ನಲ್ಲ. ಮುಟ್ಟಿದ್ದು ಗೊತ್ತಾಗೋ ಹಾಗೆ ಅದು ಸ್ವಲ್ಪ ನಡುಗಲಿ."

ಒಂದೊಂದು ಮನೆಗೂ ಫೋನು ನಡುಗುವಂತೆ ಮಾಡಿದ. ದಾಳ ಆರು ತೋರಿಸಿದಾಗ ಅದು ಗುರುಗುಟ್ಟುತ್ತ ಮೇಜಿನ ಮೇಲೆ ತಾನೇ ಹೊರಟು, ಅಂಚು ದಾಟಿ, ಕೆಳಗೆ ಸ್ಟೂಲಿನ ಮೇಲಿದ್ದ ಮ್ಯಾನೇಜರನ ಟೀ ಲೋಟದೊಳಗೆ ಇಳಿಯಿತು. ಮ್ಯಾನೇಜರ್ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ.

"ಸಕ್ಕರೆ ಸಾಕಾ ಅಂತ ನೋಡೋಕೆ ಕಳಿಸಿದ್ಯಾ?" ಎಂದ.

ಬೆರಳಪ್ಪ ಊಟ ಬಿಟ್ಟು, ಒದ್ದೆ ಫೋನು ಒಣಗಿಸಿ, ಎಲ್ಲರ ಸಲಹೆಯನ್ನೂ ಕಿತ್ತೆಸೆದು ಮತ್ತೆ ಕೂತ. ಕೊನೆಗೆ ಹೊಳೆಯಿತು. ಕಾಯಿ ಸರಿಯಾದ ಮನೆ ಸೇರಿದ ಮೇಲೆ ಬೆರಳು ಏನೇ ಮಾಡಲಿ, ಆಟ ಕಿವಿಗೆ ಹಾಕಿಕೊಳ್ಳಬಾರದು. ಅಷ್ಟು ಬದಲಾಯಿಸಿದ್ದೇ ತಡ, ಕಾಯಿ ಮೊಳೆ ಹೊಡೆದ ಹಾಗೆ ನಿಂತಿತು. ಅವನಿಗೆ ಕುಣಿಯುವಷ್ಟು ಖುಷಿಯಾಯಿತು.

ಆದರೆ ಅದನ್ನು ಆಡಿ ನೋಡಿದ ಅಕೌಂಟೆಂಟರ ಮುಖ ಹುಳ್ಳಗಾಯಿತು. "ಮೊದಲೇ ಚೆನ್ನಾಗಿತ್ತು," ಎಂದರು.

"ಸರಿ ಮಾಡು ಅಂತ ನಿನಗೆ ಯಾರು ಹೇಳಿದ್ರು?" ಎಂದು ರಿಸೆಪ್ಷನಿಸ್ಟ್ ಮೂತಿ ತಿರುವಿದಳು.

ತನ್ನ ಕೆಲಸ ಕಾಯಂ ಆಗುತ್ತದೆಂದು ಇವರಿಗೆ ಹೊಟ್ಟೆಯುರಿ ಎಂದುಕೊಂಡ ಬೆರಳಪ್ಪ.

ಸಂಜೆ ಅತ್ತೆ ಬಂದರು. ಅವರು ಕೂರುವವರೆಗೂ ಯಜಮಾನರು ನಿಂತೇ ಇದ್ದರು. ಆಟ ಏರುತ್ತ ಹೋಗಿ ಅತ್ತೆಯ ಕಾಯಿ ಮೇಲಿನ ಸಾಲು ಮುಟ್ಟಿತು. ಮುಂದಿನ ಮನೆಯಲ್ಲೇ ದೊಡ್ಡ ಹಾವು. ದಾಳ ಬಿದ್ದದ್ದು ಒಂದು.

"ಕಿಟಕಿ ಹತ್ರ ಯಾರೋ ನಿಂತ ಹಾಗಿದೆಯಲ್ಲಾ," ಎಂದರು ಅತ್ತೆ. ಯಜಮಾನರು ಕಿಟಕಿಯತ್ತ ತಿರುಗಿದರು. ಅತ್ತೆ ಕಾಯಿಯನ್ನು ಎಳೆದು, ಬೆರಳನ್ನು ನಾಜೂಕಾಗಿ ಹೊರಳಿಸಿ ಎತ್ತಿದರು. ಕಾಯಿ ಕದಲಲಿಲ್ಲ. ಮತ್ತೆ ಹೊರಳಿಸಿದರು. ಹಾವು ನುಂಗಿ, ಕಾಯಿಯನ್ನು ತಳದ ಸಾಲಿಗೆ ಉಗುಳಿತು.

"ಒಂಚೂರೂ ಜಾರಲ್ಲ ಅಮ್ಮಾ," ಎಂದು ಬೆರಳಪ್ಪ ಬೀಗಿದ.

"ಅದೇ, ಯಾಕೆ ಜಾರಲ್ಲ?"

"ಜಾರುತ್ತೆ ಅಂತ ನೀವೇ ದೂರು ಕೊಟ್ಟಿದ್ರಂತಲ್ಲ..."

"ಅಳಿಯಂದಿರದ್ದೂ ಜಾರುತ್ತೆ ಅಂತ ದೂರು ಕೊಟ್ಟೆ. ನಂದು ಜಾರಿದ್ರೆ ನಿಂಗೇನು ಕಷ್ಟ?"

ಬೆಳಗ್ಗೆ ದೂರಿನ ಅರ್ಧ ಮಾತ್ರ ಕೇಳಿಸಿಕೊಂಡಿದ್ದ ಮ್ಯಾನೇಜರ್ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡತೊಡಗಿದ. ಅಕೌಂಟೆಂಟರು, ರಿಸೆಪ್ಷನಿಸ್ಟ್ ಒಬ್ಬರನ್ನೊಬ್ಬರು ಗುರಾಯಿಸಿಕೊಂಡರು. ದಿನವೂ ಊಟದ ಹೊತ್ತಿನ ಆಟದಲ್ಲಿ ಇಬ್ಬರೂ ಸರದಿಯ ಮೇಲೆ ಹೇಗೆ ಗೆಲ್ಲುತ್ತಿದ್ದರೆಂದು ಬೆರಳಪ್ಪನಿಗೆ ಆಗ ಅರ್ಥವಾಯಿತು.

ಯಜಮಾನರು ಅವನನ್ನು ಮೂಲೆಗೆ ಎಳೆದರು. "ಅವರದ್ದು ಜಾರಲಿ. ನಂದೂ ಜಾರಲಿ, ಆದ್ರೆ ಅವರಿಗೆ ಗೊತ್ತಾಗಬಾರದು. ಇಷ್ಟು ಮಾಡು, ನಾಳೇನೇ ನಿನ್ನ ಕೆಲಸ ಕಾಯಂ."

ಹೋದ ಜೀವ ಬಂದಂತಾಗಿ ಬೆರಳಪ್ಪ ಅತ್ತೆಯ ಚೀಲ ಹೊತ್ತು ಕಾರಿನವರೆಗೂ ಓಡಿದ. ಅತ್ತೆ ಗಾಜು ಇಳಿಸಿ ಅವನನ್ನು ಹತ್ತಿರ ಕರೆದರು.

"ನಂದು ಮುಂದಕ್ಕೆ ಜಾರಲಿ, ಅಳಿಯಂದಿರದ್ದು ಹಿಂದಕ್ಕೆ. ಅವರಿಗೆ ಗೊತ್ತಾಗಬಾರದು. ನಾಳೆ ಅವರು ಗೆದ್ರೆ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೋ."

"ಆದ್ರೆ ನನ್ನನ್ನ ಕಾಯಂ ಮಾಡಬೇಕಾದವರು ಯಜಮಾನರಲ್ವಾ ಅಮ್ಮಾ?"

"ಕಂಪನಿ ಇರೋದು ನನ್ನ ಹೆಸರಲ್ಲಿ ಕಣಪ್ಪಾ," ಎಂದು ಅತ್ತೆ ಗಾಜು ಏರಿಸತೊಡಗಿದರು. "ಅವರದ್ದೇ ಇನ್ನೂ ಕಾಯಂ ಆಗಿಲ್ಲ."