ಆಯಿಯ ಗಂಟಲು, ನಮ್ಮ ಬಾಗಿಲು

ಯಾಕೆ ಇದೆ ಎಂದು ಗೊತ್ತಾಗದ ವಸ್ತು ಕಂಡರೆ ನನಗೆ ಕತ್ತರಿಸಿ ಎಸೆಯಬೇಕು ಅನಿಸುತ್ತದೆ. ಅಂಗಿಯೊಳಗೆ ಹೊಲಿದಿಟ್ಟ ಹೆಚ್ಚಿನ ಗುಂಡಿ, ಲಗ್ನಪತ್ರಿಕೆಯ ಜರಿದಾರ, ಸೈಕಲ್ಲಿನ ಚೈನ್ ಕವರ್, ಯಾವುದನ್ನೂ ಬಿಟ್ಟವನಲ್ಲ. ಚೈನ್ ಕವರ್ ತೆಗೆದ ವಾರದಲ್ಲೇ ಪ್ಯಾಂಟು ಚೈನಿಗೆ ಸಿಕ್ಕಿ ಕಾರವಾರ ಬಸ್ ಸ್ಟ್ಯಾಂಡಿನ ಎದುರು ಬಿದ್ದೆ. ಆಮೇಲೆ ಪ್ಯಾಂಟನ್ನೂ ಕತ್ತರಿಸಿದೆ. ಶಾಲೆಯನ್ನು ಏಳನೇ ಇಯತ್ತೆಗೆ ಬಿಟ್ಟದ್ದೂ ಇದೇ ಲೆಕ್ಕದಲ್ಲಿ.

ನೌಕಾನೆಲೆಗೆ ಜಾಗ ಹೋದಾಗ ಹಳೇ ಮನೆಯಿಂದ ಆಯಿ, ಅಂದರೆ ನನ್ನ ಅಮ್ಮ, ಹಠ ಹಿಡಿದು ತಂದದ್ದು ಎರಡೇ: ತುಳಸಿ ಗಿಡ ಮತ್ತು ಮುಂಬಾಗಿಲು. ಬಾಗಿಲೆಂದರೆ ಹಲಸಿನ ಮರದ್ದು, ನಾಲ್ಕು ಜನ ಹೊತ್ತು ತರಬೇಕಾಯಿತು. ಕಾಲೊನಿಯ ಹೊಸ ಮನೆಯ ಚೌಕಟ್ಟಿಗೆ ಅದನ್ನು ಮೂರು ಬಿಜಾಗರಿ, ಅಂದರೆ ಹಿಂಜು, ಹೊಡೆದು ನೇತುಹಾಕಿದವನು ನಾನೇ. ಎರಡೇ ವರ್ಷ, ಬಾಗಿಲು ಜೋತುಬಿತ್ತು. ಬೀಗ ಹಾಕಬೇಕಾದರೆ ಮೊಣಕಾಲು ಕೆಳಗೆ ಕೊಟ್ಟು ಎತ್ತಬೇಕು, ಭುಜದಿಂದ ದೂಡಬೇಕು, ಉಸಿರು ಬಿಡುವುದರೊಳಗೆ ಕೊಂಡಿ ಸಿಕ್ಕಿಸಬೇಕು. ಈ ವಿದ್ಯೆ ಬರುತ್ತಿದ್ದದ್ದು ನನಗೊಬ್ಬನಿಗೆ. ಪಕ್ಕದ ಮನೆಯ ಬೀರಣ್ಣ ಒಮ್ಮೆ ಕೈಹಾಕಿ ಕಾಲಿನ ಹೆಬ್ಬೆರಳು ಜಜ್ಜಿಕೊಂಡ. ಅಪ್ಪ ಬೋಟಿಗೆ ಹೋದರೆ ವಾರಗಟ್ಟಲೆ ಬರುವುದಿಲ್ಲ. ನನಗೋ ಒಳಗೊಳಗೇ ಜಂಬ. ನಾನಿಲ್ಲದೆ ಈ ಮನೆಗೆ ಬೀಗವೇ ಬೀಳುವುದಿಲ್ಲವಲ್ಲ!

ಹೀಗಿರುವಾಗ ಒಂದು ಮಂಗಳವಾರ ನಾನು ಕೆಲಸ ಮಾಡುವ ಗ್ಯಾರೇಜಿಗೆ ಸ್ಕೂಟರಿನ ಸಾಮಾನು ತರಲು ಅಂಕೋಲೆಗೆ ಹೋದವನಿಗೆ ಪೇಟೆಯಲ್ಲಿ ದೊಡ್ಡಾಯಿ ಸಿಕ್ಕಳು. ಆಯಿಯ ಅಕ್ಕ, ಅಂಕೋಲೆ ಹತ್ತಿರದ ಮಂಜಗುಣಿಯವಳು. ಗುರುವಾರ ಅವಳ ಮಗಳ ಮದುವೆಗೆ ಅರಿಶಿಣ ಕುಟ್ಟುವ ಶಾಸ್ತ್ರ.

"ತಮಾ, ನಿನ್ನ ಆಯಿ ಗಂಟ್ಲಿಗೆ ಯಂತಾ ಆಯ್ತಾ? ಹಾಡೂಕೆ ಬರೂಕಾಗುದಿಲ್ಲ ಅಂತ ಹೇಳಿ ಕಳಿಸಿದ್ಲಲ. ಬೇರೆಯವ್ರನ್ನ ಕರೀಲಾ?"

ನನಗೆ ತಲೆಬುಡ ತಿಳಿಯಲಿಲ್ಲ. ನಮ್ಮ ಕಡೆ ಅರಿಶಿಣ ಕುಟ್ಟುವಾಗ ಒಬ್ಬಳು ಹಾಡು ಎತ್ತಿಕೊಡಬೇಕು, ಉಳಿದವರು ಹಿಡಿಯಬೇಕು. ನಮ್ಮ ಸಂಬಂಧಿಕರಲ್ಲಿ ಎತ್ತಿಕೊಡುವವಳು ಆಯಿ. ಆವತ್ತು ಬೆಳಿಗ್ಗೆಯಷ್ಟೇ ಅವಳು ಎಮ್ಮೆಗೆ ಬೈದದ್ದು ಮೂರು ಮನೆಗೆ ಕೇಳಿತ್ತು.

ಮನೆಗೆ ಬಂದು ನೇರವಾಗಿ ಕೇಳಿದೆ. ಆಯಿ ಒಲೆಯಿಂದ ತಲೆ ಎತ್ತಲಿಲ್ಲ. "ಗಂಟ್ಲು ಸರಿ ಅದೆ. ಬಾಗ್ಲು ಸರಿ ಇಲ್ಲ. ಹಾಡು ಶುರು ಆಗೂದು ಮಧ್ಯಾಹ್ನ. ಎಮ್ಮೆಗೆ ನೀರು ಕೊಟ್ಟು ಹೊರಡೂ ಹೊತ್ತಿಗೆ ನೀ ಗ್ಯಾರೇಜಲ್ಲಿರ್ತೆ. ಬೀಗ ಯಾರು ಹಾಕೂದು?"

"ಹಂಗಂತ ಹೇಳೂಕೆ ಆಗ್ತಿರ್ಲಿಲ್ವಾ?"

"ಗಂಟ್ಲು ಅಂದ್ರೆ ಯಾರೂ ಮತ್ತೆ ಕೇಳುದಿಲ್ಲ. ಬಾಗ್ಲು ಅಂದ್ರೆ, ಮಗ ಮೆಕ್ಯಾನಿಕ್ ಅಲ್ವನೇ ಅಂತ ಕೇಳ್ತರು."

ವಿಚಾರಿಸಿದರೆ ಇದು ಮೊದಲಲ್ಲವಂತೆ. ನನ್ನ ಮರ್ಯಾದೆ ಉಳಿಸಲು ಆಯಿ ಎರಡು ವರ್ಷದಿಂದ ಗಂಟಲು ಕೆಡಿಸಿಕೊಂಡಿದ್ದಳು. ನನ್ನ ಜಂಬ ಬಾಗಿಲಿಗಿಂತ ಕೆಳಗೆ ಜೋತುಬಿತ್ತು.

ಆ ಕ್ಷಣವೇ ಶುರುಮಾಡಿದೆ. ಸಡಿಲಾದ ತೂತುಗಳಿಗೆ ಬೆಂಕಿಕಡ್ಡಿ ತುರುಕಿ ಸ್ಕ್ರೂ ಬಿಗಿದೆ. ಬೆಳಗಾಗುವುದರೊಳಗೆ ಬಾಗಿಲು ಮತ್ತೆ ನೆಲ ಕೆರೆಯಿತು. ಉದ್ದ ಸ್ಕ್ರೂ ಹಾಕಿದೆ, ಚೌಕಟ್ಟೇ ಸೀಳಿತು. ಬುಧವಾರ ಗ್ಯಾರೇಜಿಗೆ ರಜೆ ಹೇಳಿ ಪಾಂಡು ಆಚಾರಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದೆ. ಬಡಗಿ ಕೆಲಸದಲ್ಲೇ ಮುದುಕನಾದವನು. ಬಾಗಿಲಿನ ಬುಡಕ್ಕೆ ಬೆರಳಾಡಿಸಿ ನಕ್ಕ.

"ಅರೇ ಬಾಬಾ, ಇದು ನೇತಾಡೂ ಬಾಗ್ಲಲ್ಲ, ನಿಂತ್ಕಳೂ ಬಾಗ್ಲು! ಇದ್ರ ಗೂಟ ಎಲ್ಲದೆ?"

ಹಳೇ ಕಾಲದ ಬಾಗಿಲಿಗೆ ಒಂದು ಬದಿಯಲ್ಲಿ ಮೇಲೊಂದು ಕೆಳಗೊಂದು ಗೂಟ ಇರುತ್ತದಂತೆ. ಕೆಳಗಿನದು ಹೊಸ್ತಿಲಿನ ಗುಳಿಯಲ್ಲಿ ಕೂತು ಇಡೀ ಭಾರ ಹೊರುತ್ತದೆ. ಬಾಗಿಲು ಅದರ ಮೇಲೆ ನಿಂತು ತಿರುಗುತ್ತದೆ.

"ಯಾವ ಹೆಡ್ಡ ಕೊಯ್ದದ್ದು?"

ಆಯಿ ನನ್ನನ್ನು ನೋಡಿದಳು. ನಾನು ತುಳಸಿಯನ್ನು ನೋಡಿದೆ. ಸಾಗಿಸುವಾಗ ಅಡ್ಡ ಬರುತ್ತವೆಂದು ಎರಡೂ ಗೂಟಕ್ಕೆ ನಾನೇ ಗರಗಸ ಹಾಕಿದ್ದು, ಇದೆಂಥ ಬೇಡದ ಅಲಂಕಾರ ಅಂದದ್ದು, ಎಲ್ಲ ನೆನಪಾಯಿತು.

ಆದರೆ ಅವಮಾನಕ್ಕಿಂತ ಖುಷಿಯೇ ಹೆಚ್ಚಾಯಿತು. ಭಾರ ಹೊತ್ತು ತಿರುಗುವ ವಸ್ತುವಿನಲ್ಲೇ ನನ್ನ ಅನ್ನ! ಗ್ಯಾರೇಜಿಗೆ ಓಡಿ ಹಳೇ ಬೇರಿಂಗ್ ಒಂದನ್ನು ಹುಡುಕಿದೆ, ಬಾಗಿಲಿನ ಬುಡಕ್ಕೆ ಹೊಡೆಯಲು ಕಬ್ಬಿಣದ ಗೂಟವೊಂದನ್ನು ಪಟ್ಟಿಗೆ ವೆಲ್ಡ್ ಮಾಡಿಸಿದೆ. ತಂದು ಹೊಸ್ತಿಲಿಗೆ ಉಳಿ ಇಟ್ಟೆನೋ ಇಲ್ಲವೋ, ಆಯಿ ಕೈ ಅಡ್ಡ ಹಿಡಿದಳು. "ದಿನಾ ಅರಿಶಿಣ ಕುಂಕುಮ ಹಚ್ಚೂ ಹೊಸಲಿಗೆ ತೂತಾ?"

ಆಚಾರಿ ಎಲೆಅಡಿಕೆ ಉಗಿದು ಬಂದ. "ತಂಗಿ, ನಿನ್ನ ಹಳೇ ಹೊಸಲಲ್ಲಿ ಗುಳಿ ಇರ್ಲಿಲ್ವನೇ?"

ಆಯಿ ಅಡ್ಡ ಹಿಡಿದ ಕೈ ತೆಗೆದಳು. ಆಮೇಲೆ ಒಳಗಿಂದ ಅರಿಶಿಣ ತಂದು, ನಾನು ಕೊರೆಯಬೇಕಾದ ಜಾಗಕ್ಕೆ ತಾನೇ ಬೊಟ್ಟಿಟ್ಟಳು.

ಕೆಳಗೆ ಬೇರಿಂಗ್, ಮೇಲಿನ ಬಿಜಾಗರಿಗೆ ಈಚೆಯಿಂದ ಆಚೆಗೆ ಬೋಲ್ಟು. ಬಾಗಿಲು ನಿಲ್ಲಿಸಿ ಕೈಬಿಟ್ಟೆವು. ಆಯಿ ಕಿರುಬೆರಳಿನಿಂದ ದೂಡಿದಳು. ಒಂದು ಸದ್ದಿಲ್ಲ, ಬೆಣ್ಣೆ! ಕೊಂಡಿ ತಾನಾಗಿ ಕೂತಿತು. ನಾನು ಅಂಗಳದಲ್ಲಿ ಕುಣಿದೆ. ಹದಿನೈದು ಸಲ ತೆಗೆದು ಹಾಕಿದೆ. ಬೀರಣ್ಣನನ್ನು ಕರೆದು ಅವನ ಜಜ್ಜಿದ ಹೆಬ್ಬೆರಳಿನಿಂದಲೇ ದೂಡಿಸಿದೆ. ಹೊಸ ಬೀಗದ ಒಂದು ಕೀಲಿ ಆಯಿಗೆ ಕೊಟ್ಟೆ. ಇನ್ನೊಂದು ಕಳೆದುಹೋಗಬಾರದೆಂದು ಒಳಗೆ, ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದೆ.

ಗುರುವಾರ ಸಂಜೆ ಗ್ಯಾರೇಜಿನಿಂದ ಬಂದೆ. ಬಾಗಿಲಿಗೆ ಬೀಗ. ಆಗ ಮೊಳೆ ನೆನಪಾಯಿತು.

ಮೊಣಕಾಲು ಕೊಟ್ಟು ಎತ್ತಿದೆ. ಜಪ್ಪಯ್ಯ ಅನ್ನಲಿಲ್ಲ. ಭುಜ ಕೊಟ್ಟೆ. ಸ್ಪ್ಯಾನರ್ ತುರುಕಲು ನೋಡಿದೆ, ತುದಿ ಹೋಗುವಷ್ಟೂ ಸಂದಿಲ್ಲ. ಹೊಟ್ಟೆ ಹಸಿದು ಚುರುಗುಟ್ಟುತ್ತಿತ್ತು. ಆದರೂ ಸತ್ಯ ಹೇಳುತ್ತೇನೆ, ಪ್ರತಿ ಸಲ ಅದು ಅಲ್ಲಾಡದೆ ನಿಂತಾಗ ನನಗೆ ಹೆಮ್ಮೆಯಿಂದ ರೋಮಾಂಚನವಾಗುತ್ತಿತ್ತು.

ಬೇಲಿಯಾಚೆಯಿಂದ ಬೀರಣ್ಣ ಕೂಗಿದ: "ಯಾರಾ ಅದು? ಕಳ್ಳ ಬಂದ ಅಂದ್ಕಂಡೆ ಮಾರಾಯಾ!"

"ನೀನೂ ಬಂದು ದೂಡು ನೋಡ್ವಾ!" ಅಂದೆ ಉತ್ಸಾಹದಿಂದ.

ಕತ್ತಲಾಗುವ ಹೊತ್ತಿಗೆ ಅಂಕೋಲೆ ಬಸ್ಸಿನಿಂದ ಆಯಿ ಇಳಿದು ಬಂದಳು. ತಲೆಯಲ್ಲಿ ಅಬ್ಬಲಿ ಹೂವಿನ ದಂಡೆ, ಕೈಯೆಲ್ಲ ಅರಿಶಿಣ. ಮಾತಾಡಲು ಬಾಯಿ ತೆರೆದರೆ ಸ್ವರವೇ ಇಲ್ಲ. ಎರಡು ವರ್ಷದ ಬಾಕಿ ಹಾಡನ್ನೆಲ್ಲ ಒಂದೇ ಮಧ್ಯಾಹ್ನ ಹಾಡಿ ಗಂಟಲು ನಿಜಕ್ಕೂ ಹೋಗಿತ್ತು. ಎರಡು ಬೆರಳಿನಲ್ಲಿ ಬೀಗ ತೆಗೆದು ಬಾಗಿಲು ದೂಡಿದಳು. ನಾನು ಮೊಳೆಯ ಕೀಲಿಗೆ ಕೈ ಚಾಚಿದೆ. ಅವಳು ನನ್ನ ಕೈಗೆ ಒಂದು ಪೆಟ್ಟು ಕೊಟ್ಟು ಪಿಸುಗುಟ್ಟಿದಳು: "ಅಲ್ಲೇ ಇರ್ಲಿ. ನೀ ಕಳೀತೆ."

ಆಯಿಯ ಗಂಟಲು ವಾರದಲ್ಲಿ ಸರಿಯಾಯಿತು. ಈಗ ಎಲ್ಲಿ ಮದುವೆಯಿದ್ದರೂ ಕರೆ ಬರುತ್ತದೆ, ಯಾವುದನ್ನೂ ಬಿಡುವುದಿಲ್ಲ. ಹೀಗಾಗಿ ವಾರಕ್ಕೆ ಮೂರು ಸಂಜೆ ನಾನು, ಕಾರವಾರ ತಾಲೂಕಿನಲ್ಲೇ ಅತಿ ಗಟ್ಟಿಯಾದ ಬಾಗಿಲಿನ ಹೊರಗೆ, ಜಗಲಿ ಮೇಲೆ ಕೂತು ಬಸ್ಸಿನ ದಾರಿ ನೋಡುತ್ತಿರುತ್ತೇನೆ.