ಎರಡು ಸೆಕೆಂಡಿಗೊಂದು ಗುಳ್ಳೆ

ನಾನು ಯಾರನ್ನು ಬೈಯಲು ಹೊರಟರೂ ಕೊನೆಗೆ ಪೆಚ್ಚಾಗುವವನು ನಾನೇ. ಇಪ್ಪತ್ತು ವರ್ಷದಿಂದ ಹುಣಸೂರು, ಪಿರಿಯಾಪಟ್ಟಣದ ಕಡೆ ಧಿಕ್ಕಾರ ಕೂಗಿಕೊಂಡು ಓಡಾಡಿದ್ದೇನೆ. ಲಾಠಿಗೂ ಬೆಚ್ಚಿದವನಲ್ಲ. ಆದರೆ ಮನೆಯಲ್ಲಿರುವ ಮೂರಡಿಯ ಗಾಜಿನ ತೊಟ್ಟಿ ಒಂದೇ ವರ್ಷದಲ್ಲಿ ಮತ್ತೆ ಮತ್ತೆ ನನ್ನ ಎದೆ ಧಸಕ್ಕೆನ್ನಿಸಿದೆ.

1. ಮಾರಾಟಕ್ಕಿಟ್ಟ ಉಸಿರು

ತೊಟ್ಟಿಯಲ್ಲಿ ಗಪ್ಪಿ ಮೀನುಗಳಿವೆ, ನೀರೊಳಗೇ ಬೆಳೆಯುವ ಗಿಡಗಳಿವೆ. ಗಿಡ ಸೊರಗುತ್ತಿವೆಯಲ್ಲ ಎಂದು ಮೈಸೂರಿನ ಒಂದು ಅಕ್ವೇರಿಯಂ ಅಂಗಡಿಗೆ ಹೋದೆ. “ಗಿಡಕ್ಕೆ ಕಾರ್ಬನ್ ಡೈಆಕ್ಸೈಡ್ ಕೊಡ್ಬೇಕು ಸಾರ್, ಸಿಲಿಂಡರ್ ತಗೊಳ್ಳಿ” ಎಂದು ಅಂಗಡಿಯವನು ರೇಟು ಹೇಳಿದ. ದಂಗಾದೆ. “ಅಲ್ಲ ಕಣ್ರೀ, ನಾವು ಬಿಟ್ಟ ಉಸಿರನ್ನ ನಮಗೇ ಮಾರ್ತೀರಾ?” ಎಂದು ಬಾಗಿಲಲ್ಲೇ ನಿಂತು ಕೂಗಾಡಿ ಬಂದೆ.

ಆಮೇಲೆ ಫೋನಿನಲ್ಲಿ ನೋಡಿ ನಾನೇ ಕಲಿತೆ. ಎರಡು ಲೀಟರಿನ ಕೂಲ್‌ಡ್ರಿಂಕ್ ಬಾಟಲಿಗೆ ಉಗುರುಬೆಚ್ಚಗಿನ ನೀರು, ಸಕ್ಕರೆ, ಬೇಕರಿಯವರು ಬ್ರೆಡ್ಡಿಗೆ ಹಾಕುವ ಈಸ್ಟ್. ಸಕ್ಕರೆ ಹುಳಿತು ಗ್ಯಾಸ್ ಏಳುತ್ತದೆ. ಮುಚ್ಚಳಕ್ಕೆ ತೂತು ಕೊರೆದು ಪೈಪು ಸಿಕ್ಕಿಸಿದರೆ ಗುಳ್ಳೆಗುಳ್ಳೆಯಾಗಿ ತೊಟ್ಟಿಗಿಳಿಯುತ್ತದೆ. ಮೊದಲ ಗುಳ್ಳೆ ಬಂದಾಗ ಹೆಂಡತಿಯನ್ನು ಕರೆದು ತೋರಿಸಿದೆ.

“ರೀ, ಮನುಷ್ಯರ ಬಾಯಿಂದ ಬರೋದೂ ಇದೇ ಗ್ಯಾಸು ಅಂದ್ರಲ್ಲ?”

“ಹೂಂ, ಇದೇ.”

“ಮತ್ತೆ ಸಕ್ಕರೆ ಯಾಕೆ ಹಾಳು ಮಾಡ್ತೀರಿ? ನಿಮ್ಮ ಭಾಷಣಾನ ಈ ತೊಟ್ಟಿ ಮುಂದೆ ನಿಂತ್ಕಂಡು ಮಾಡಿ.”

2. ಮೀನುಗಳ ಘೋಷಣೆ

ಹೆಂಡತಿ ಸಕ್ಕರೆ ಡಬ್ಬಿ ಬಚ್ಚಿಟ್ಟಳು. ನನಗೇನು, ಕೆ.ಆರ್. ನಗರದಿಂದ ಭಾಮೈದ ತಂದ ಆಲೆಮನೆ ಬೆಲ್ಲವಿತ್ತಲ್ಲ. ಎರಡು ಅಚ್ಚು ಕುಟ್ಟಿ ಬಾಟಲಿಗೆ ತುಂಬಿದೆ. ಈಸ್ಟನ್ನೂ ಸಿಟ್ಟಿನಲ್ಲಿ ಮೂರು ಚಮಚ ಸುರಿದೆ.

ಬೆಳಿಗ್ಗೆ ಎದ್ದು ನೋಡುತ್ತೇನೆ, ಬೆಲ್ಲದ ನೊರೆ ಉಕ್ಕಿ ಪೈಪಿನಲ್ಲಿ ಹರಿದು ತೊಟ್ಟಿಯ ನೀರು ಬೆಲ್ಲದ ಕಾಫಿಯಾಗಿತ್ತು. ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ನಾನು ಬಕೆಟ್ಟಿಗೆ ಓಡಿದೆ. ರಾತ್ರಿ ನಮ್ಮಲ್ಲೇ ಉಳಿದಿದ್ದ ಭಾಮೈದ ಮಾತ್ರ ಗಾಜಿಗೆ ಮೂಗೊತ್ತಿ ನಿಂತಿದ್ದ.

“ಲೇ, ಬಲೆ ಕೊಡ್ಲಾ, ಸಾಯ್ತಾವೆ!”

“ಸಾಯಾಕಿಲ್ಲ ಬುಡಿ ಭಾವ. ನಿಮ್ಮ ಸಾವಾಸ ಮಾಡಿ ಧಿಕ್ಕಾರ ಕೂಗಾದು ಕಲ್ತವೆ.”

ಮೀನೇನೋ ಉಳಿದವು. ಅವನು ಈಗಲೂ ಫೋನು ಮಾಡಿದರೆ ಮೊದಲು ಕೇಳುವುದು, “ಭಾವ, ಅವುಗಳ ಬೇಡಿಕೆ ಈಡೇರ್ತಾ?”

3. ಬ್ರೆಡ್ಡು ವಾಪಸ್

ನೊರೆ ತಡೆಯಲು, ಗುಳ್ಳೆ ಎಣಿಸಲು ಆಸ್ಪತ್ರೆಯ ಗ್ಲೂಕೋಸ್ ಸೆಟ್ಟು ಒಳ್ಳೆಯದೆಂದು ತಿಳಿಯಿತು. ಅದರ ನಡುವೆ ಹನಿ ಬೀಳುವ ಪುಟ್ಟ ಡಬ್ಬಿಯಿರುತ್ತದಲ್ಲ, ಅದಕ್ಕೆ ಸ್ವಲ್ಪ ನೀರು ತುಂಬಿದರಾಯಿತು. ಮೆಡಿಕಲ್ ಸ್ಟೋರಿಗೆ ಹೋದೆ.

“ಯಾರಿಗೆ ಸಾರ್?”

“ಗಿಡಕ್ಕೆ.”

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ನನಗೆ ಏನೋ ಆಗಿದೆ, ತಲೆಗೂ ಏರಿದೆ ಎಂದು ಸುದ್ದಿ ಹಬ್ಬಿತು. ಮಾರನೇ ದಿನವೇ ಎಚ್.ಡಿ. ಕೋಟೆಯಿಂದ ಸೋದರತ್ತೆ ಬ್ರೆಡ್ಡು, ಮೂಸಂಬಿ ಹಿಡಿದು ಅಳುತ್ತಾ ಬಂದಳು. ನಾನು ಮುದ್ದೆ ನುಂಗುತ್ತಾ ಕೂತಿದ್ದೆ. ತೊಟ್ಟಿಗೆ ಗ್ಲೂಕೋಸ್ ಸೆಟ್ಟು ಏರಿತ್ತು.

“ಅಯ್ಯೋ ನಿನ್ ಮನೆ ಕಾಯ್ವಾಗ! ಮನುಸ್ರಿಗೆ ಇದ ಹಾಕ್ಸಾಕೆ ನಾವು ಆಸ್ಪತ್ರೆ ಬಾಗ್ಲು ಕಾಯ್ತೀವಿ, ನೀನು ಮೀನಿಗೆ ಹಾಕಿದ್ದೀಯಲ್ಲೋ!”

ಅತ್ತೆ ಕಣ್ಣೊರೆಸಿಕೊಂಡು ಎದ್ದಳು, ಬ್ರೆಡ್ಡನ್ನೂ ಎತ್ತಿಕೊಂಡಳು. “ನೀನು ಉಸಾರಾಗೇ ಇದ್ದೀಯ. ನಿಂಗ್ಯಾಕ್ಲಾ ಇದು?”

4. ದಿಂಬಿನ ಹಿಂದಿನ ಚೀಲ

ಆ ಬೇಸಿಗೆಯಲ್ಲಿ ನಮ್ಮ ಬೀದಿಯ ನಲ್ಲಿಗೆ ಹನ್ನೆರಡು ದಿನ ನೀರು ಬರಲಿಲ್ಲ. ನೀರಿನ ಕಚೇರಿಯ ಮುಂದೆ ಶಾಮಿಯಾನ ಹಾಕಿಸಿ ಉಪವಾಸ ಕೂತೆ. ಬೀದಿಯ ಹೆಂಗಸರು ಖಾಲಿ ಕೊಡ ಹಿಡಿದು ಸುತ್ತ ಕೂತರು. ಮೂರನೇ ದಿನ ಹೆಂಡತಿಯ ಫೋನು: “ಪೈಪು ಸೀಳಿದೆ, ಗುಳ್ಳೆ ನಿಂತಿದೆ.” ಸಾಮಾನು ತಂದು ಮನೆಗೆ ಕೊಡೆಂದು ಗೆಳೆಯನಿಗೆ ಹೇಳಿದೆ. ಆ ಪುಣ್ಯಾತ್ಮ ಸೀದಾ ಶಾಮಿಯಾನಕ್ಕೆ ತಂದು ನನ್ನ ದಿಂಬಿನ ಹಿಂದಿಟ್ಟು ಟೀ ಕುಡಿಯಲು ಹೋದ.

ಇದೇನೆಂದು ಪೊಲೀಸಿನವನೊಬ್ಬ ಚೀಲ ಕೊಡವಿದ. ಎಲ್ಲರ ಮುಂದೆ ಬಿದ್ದದ್ದು ಎರಡು ಕೇಜಿ ಸಕ್ಕರೆ ಮತ್ತು ಒಂದು ಗ್ಲೂಕೋಸ್ ಸೆಟ್ಟು.

ಘೋಷಣೆ ನಿಂತುಹೋಯಿತು. ನಮ್ಮ ಎದುರುಮನೆಯಾಕೆ ಕೊಡ ಕೆಳಗಿಟ್ಟಳು. “ಅದ್ಕೇಯಾ! ಮೂರು ದಿನಾದ್ರೂ ಕೆನ್ನೆ ಒಂಚೂರು ಇಳೀಲಿಲ್ವಲ್ಲ ಅನ್ಕಂಡೆ!”

“ನನಗಲ್ಲ ಕಣಮ್ಮಾ, ತೊಟ್ಟಿಗೆ!”

“ನಮಗೆ ಕುಡಿಯಾಕೆ ನೀರಿಲ್ಲ, ನಿಮ್ಮ ಮೀನಿಗೆ ಗ್ಲೂಕೋಸಾ?”

ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಅವರು ಹೋದರೆ ನೀರೂ ಹೋಯಿತು, ನನ್ನ ಮಾನವೂ ಹೋಯಿತು.

ಗದ್ದಲ ಕೇಳಿ ಕಚೇರಿಯ ಸಾಹೇಬ ಹೊರಬಂದ. ಮೂರು ದಿನದಿಂದ ನಾನು ಧಿಕ್ಕಾರ ಹಾಕುತ್ತಿದ್ದುದು ಅವನಿಗೇ. ಮುಗಿಯಿತು ನನ್ನ ಕತೆ ಎಂದುಕೊಂಡೆ. ಅವನು ಬಗ್ಗಿ ಚೀಲದ ತಳದಿಂದ ಈಸ್ಟಿನ ಪೊಟ್ಟಣ ಎತ್ತಿ, ನನ್ನ ಕಿವಿಯ ಹತ್ತಿರ ಬಂದು ಕೇಳಿದ:

“ಗುಳ್ಳೆ ಎಷ್ಟು ಬರ್ತವೆ ನಿಮ್ಗೆ?”

“ಎರಡು ಸೆಕೆಂಡಿಗೊಂದು.”

“ಎಷ್ಟು ದಿನ?”

“ಮೂರು ವಾರ.”

“ನನ್ನ ತೊಟ್ಟೀಲಿ ನಾಲ್ಕೇ ದಿನಕ್ಕೆ ನಿಂತೋಗ್ತದೆ ಕಣ್ರೀ!” ಎಂದು ನಿಟ್ಟುಸಿರು ಬಿಟ್ಟು, ಜನರ ಕಡೆ ತಿರುಗಿದ. “ಈಯಪ್ಪ ಹೇಳ್ತಿರೋದು ನಿಜ. ಇದು ತಿನ್ನೋದಲ್ಲ, ನೀರೊಳಗಿನ ಗಿಡಕ್ಕೆ ಗ್ಯಾಸ್ ಮಾಡೋದು.” ಇಡೀ ಊರಿನಲ್ಲಿ ನನ್ನನ್ನು ನಂಬಿದವನು ಅವನೊಬ್ಬನೇ! ಮತ್ತೆ ಬಗ್ಗಿ ಪಿಸುಗುಟ್ಟಿದ: “ಈಸ್ಟ್ ಎಷ್ಟು ಹಾಕ್ತೀರಿ?”

ಹೊಟ್ಟೆಯಲ್ಲಿ ಅನ್ನವಿಲ್ಲದಿದ್ದರೂ ದನಿ ಎಲ್ಲಿಂದಲೋ ಬಂತು. “ಮೊದಲು ನೀರು ಬಿಡಿ! ಆಮೇಲೆ ಹೇಳ್ತೀನಿ!”

ಜನ ಇದು ಹೊಸ ಘೋಷಣೆ ಎಂದುಕೊಂಡು ಕೊಡ ಬಡಿದು ಕೂಗಿದರು: “ನೀರು ಬಿಡಿ! ಆಮೇಲೆ ಹೇಳ್ತೀವಿ!”

ಸಂಜೆಯೊಳಗೆ ನಲ್ಲಿಯಲ್ಲಿ ನೀರು. ಭಾನುವಾರ ಸಾಹೇಬನ ಮನೆಗೆ ಹೋಗಿ ಒಂದು ಚಿಟಿಕೆ ಈಸ್ಟ್ ಹಾಕಿ ಬಾಟಲಿ ಕಟ್ಟಿಕೊಟ್ಟೆ. ಇಪ್ಪತ್ತು ವರ್ಷ ಲಂಚದ ವಿರುದ್ಧ ಗಂಟಲು ಹರಿದುಕೊಂಡವನು ನಾನು. ಕೊಟ್ಟದ್ದು ಅದೊಂದೇ ಲಂಚ. ಅದೂ ಕಂತಿನಲ್ಲಿ, ಎರಡು ಸೆಕೆಂಡಿಗೊಂದು ಗುಳ್ಳೆ.