ಮಾವನ ಕಾರಿಗೆ ನಾಲ್ಕು ಪೈಪು

ಅಳಿಯ ಬಂದರೆ ಕೈಗೆ ಹೋಳಿಗೆ ಕೊಡುವ ಮಾವಂದಿರು ಲೋಕದ ತುಂಬ ಇದ್ದಾರೆ; ಕಾದ ಕಬ್ಬಿಣ ಕೊಡುವವರು ನಮ್ಮ ಮಾವ ಒಬ್ಬರೇ ಇರಬೇಕು! ಭಾನುವಾರ ಬೆಳಿಗ್ಗೆ ಸೇಡಂನಿಂದ ಚಿತ್ತಾಪುರದ ಅವರ ಮನೆಗೆ ಹೋದರೆ 'ಬರ್ರಿ, ಕುಂದ್ರಿ' ಎನ್ನುವುದಿಲ್ಲ. ಒಂದು ಜೊತೆ ಚರ್ಮದ ಕೈಗವಸು ಎಸೆಯುತ್ತಾರೆ. ನಾನೋ ಶಾಲೆಯ ಗುಮಾಸ್ತ, ಸ್ಟೇಪ್ಲರ್ ಒತ್ತುವಾಗಲೂ ಕಣ್ಣು ಮುಚ್ಚಿಕೊಳ್ಳುವ ಪೈಕಿ. ಇದು ಗೊತ್ತಿದ್ದೂ ಅವರು ನನಗೆ ಮಗಳನ್ನು ಕೊಟ್ಟರು. ಪೈಪು ಹಿಡಿಯಲು ಒಬ್ಬ ಬೇಕಾಗಿದ್ದನೇನೋ ಎಂಬ ಅನುಮಾನ ನನಗೆ ಈಗಲೂ ಇದೆ.

ಮಾವ ವಾಡಿಯ ಸಿಮೆಂಟು ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಅವರ ಕಾರು ನನಗಿಂತ ಹಿರಿಯದು. ಗೇರಿನ ಕೋಲು ಸ್ಟೇರಿಂಗಿನ ಪಕ್ಕದಲ್ಲೇ ಇದೆ. ಎಂಜಿನ್ನಿನ ನಾಲ್ಕು ಬಾಯಿಗಳ ಹೊಗೆಯನ್ನು ಒಟ್ಟುಮಾಡಿ ಹಿಂದಿನ ಸೈಲೆನ್ಸರಿಗೆ ಕಳಿಸುವ ಬೀಡುಕಬ್ಬಿಣದ ಭಾಗವೊಂದಿರುತ್ತದಲ್ಲ, ಅದು ಸೀಳು ಬಿಟ್ಟಿತ್ತು. ಹೊಗೆಯೆಲ್ಲ ಕಾರಿನೊಳಕ್ಕೇ! ನಮ್ಮ ಅತ್ತೆಗೆ ಮೊದಲೇ ದಮ್ಮು. ಒಮ್ಮೆ ಊರು ದಾಟುವಷ್ಟರಲ್ಲಿ ಉಸಿರು ಸಿಕ್ಕಿಕೊಂಡು ಆಕೆಯ ತುಟಿ ನೀಲಿಯಾಗಿತ್ತು. ಅಂದಿನಿಂದ ಮೂರು ವರ್ಷ ಆಕೆ ಆ ಕಾರು ಹತ್ತಿರಲಿಲ್ಲ. ತಿಂಗಳಿಗೆ ಎರಡು ಸಲ ಕಲಬುರಗಿಯ ದವಾಖಾನೆಗೆ ಬಸ್ಸಿನಲ್ಲೇ ಹೋಗುತ್ತಿದ್ದರು.

ಮತ್ತೆ ಮಾವ? ಬಸ್ಸಿನ ಹಿಂದೆ ಕಾರಿನಲ್ಲಿ, ಕಿಟಕಿಯೆಲ್ಲ ಇಳಿಸಿಕೊಂಡು, ಒಬ್ಬರೇ! ಸ್ಟಾಪು ಬಂದಾಗಲೆಲ್ಲ ಇಳಿದು ಓಡಿ, ಕಿಟಕಿಯಲ್ಲಿ ಅತ್ತೆಗೆ ನೀರಿನ ಬಾಟಲಿ ಕೊಟ್ಟು, ಮತ್ತೆ ಓಡಿಬಂದು ಕಾರು ಹತ್ತುವುದು. ನೀವೂ ಬಸ್ಸಿಗೇ ಹೋಗಬಾರದೇ ಎಂದು ಕೇಳಿದರೆ, ಮನೆಯಲ್ಲಿ ಬಿಟ್ಟು ಹೋದರೆ ಕಾರಿಗೆ ಏನನ್ನಿಸೀತು ಎನ್ನುತ್ತಿದ್ದರು.

ಆ ಭಾಗ ಯಾವ ಗುಜರಿಯಲ್ಲೂ ಸಿಗಲಿಲ್ಲ. ಬೆಸುಗೆ ಹಾಕಿಸಿದರೆ ಪಕ್ಕದಲ್ಲೇ ಮತ್ತೆ ಸೀಳು ಬಿಡುತ್ತಿತ್ತು. ಕೊನೆಗೆ ಮಾವ, ಉಕ್ಕಿನ ನಾಲ್ಕು ಪೈಪು ಬಗ್ಗಿಸಿ ಜೋಡಿಸಿ ಮನೆಯಲ್ಲೇ ಹೊಸದು ಮಾಡುವುದಾಗಿ ಸಾರಿದರು. ಅದಕ್ಕೆ ಹೆಡರ್ ಅನ್ನುತ್ತಾರಂತೆ. ಅಂಗಳದ ಶಹಾಬಾದ್ ಕಲ್ಲೇ ಅವರಿಗೆ ಮೇಜಾಯಿತು. ಅತ್ತೆ ರಂಗೋಲಿ ಹಾಕುವ ಜಾಗದಲ್ಲಿ ಸೀಮೆಸುಣ್ಣದ ನಾಲ್ಕು ಡೊಂಕು ಗೆರೆ ಎದ್ದವು.

ಬರಿಯ ಪೈಪು ಬಗ್ಗಿಸಿದರೆ ಬಗ್ಗಿದಲ್ಲಿ ಚಪ್ಪಟೆಯಾಗುತ್ತದೆ. ಅದಕ್ಕೆ ಒಳಗೆ ಉಸುಕು ತುರುಕಿ, ಎರಡೂ ತುದಿಗೆ ಕಟ್ಟಿಗೆಯ ಬಿರಡೆ ಬಡಿದು, ಕೆಂಪಗೆ ಕಾಯಿಸಿ ಬಗ್ಗಿಸಬೇಕು. ಉಸುಕು ಪೂರಾ ಒಣಗಿರಬೇಕು. ತೇವವಿದ್ದರೆ ಒಳಗೆ ಉಗಿಯಾಗಿ ಸಿಡಿಯುತ್ತದೆ. ಈ ಕೊನೆಯ ಮಾತನ್ನು ಮಾವ ನನಗೆ ಹೇಳಿದ್ದು ಯಾವಾಗ ಗೊತ್ತೇ? ಪೈಪು ಬೆಂಕಿಯಲ್ಲಿಟ್ಟ ಮೇಲೆ!

ಕಾಗಿಣಾ ನದಿಯ ಉಸುಕು ತಂದು ಮೂರು ದಿನ ಅಂಗಳದಲ್ಲಿ ಹರವಿದ್ದರು. ಆದರೆ ನಮ್ಮ ಕಡೆ ಬೆಳಗಾದರೆ ಅಂಗಳಕ್ಕೆ ನೀರು ಹೊಡೆಯದ ಹೆಂಗಸುಂಟೇ? ಧೂಳೆದ್ದರೆ ಅತ್ತೆಗೆ ದಮ್ಮು ಬೇರೆ. ಮೂರೂ ದಿನ ಆಕೆ ಉಸುಕಿಗೆ ಎರಡೆರಡು ಚೆಂಬು ಹೆಚ್ಚಿಗೇ ಹೊಡೆದಿದ್ದರು. ಮೇಲೆ ಬಿಸಿಲಿಗೆ ಒಣಗಿತ್ತು, ಅಡಿಯಲ್ಲಿ ತೇವ ಹಾಗೇ ಇತ್ತು.

ನಾನು ಕುಲುಮೆಯ ಗಾಳಿಚಕ್ರ ತಿರುಗಿಸುತ್ತಿದ್ದೆ. ಪೈಪಿನೊಳಗಿಂದ ಸುಂಯ್ ಎಂದು ಸದ್ದು ಬಂತು.

"ಮಾವಾರ, ಒಳಗ ಏನೋ ಮಾತಾಡ್ಲಕತ್ತದರಿ," ಎಂದೆ.

"ತಿರುವ್ರಿ, ತಿರುವ್ರಿ. ಕಬ್ಬಣ ಬಿಸಿ ಆದರ ಮಾತಾಡ್ತದ."

ಢಂ! ಬಿರಡೆ ನನ್ನ ಕಿವಿಯ ಪಕ್ಕದಿಂದ ಹಾರಿ ನೆರೆಮನೆಯವರ ನೀರಿನ ಡ್ರಮ್ಮು ತೂತು ಮಾಡಿತು. ನನಗೆ ಮೈಮೇಲೆ ಅರಿವು ಬಂದಾಗ ಬೀದಿಯ ತುದಿಯಲ್ಲಿದ್ದೆ. ಓಡಿದ್ದು ಮಾತ್ರ ನೆನಪಿಲ್ಲ. ಎದೆ ಹಿಡಿದುಕೊಂಡು ವಾಪಸ್ಸು ಬಂದೆ. ಮಾವ ಪೈಪಿನ ಇನ್ನೊಂದು ತುದಿ ತೋರಿಸಿ, ಈ ಕಡೆಯ ಬಿರಡೆ ಎಷ್ಟು ಗಟ್ಟಿ ಕೂತಿದೆ ನೋಡಿ ಎಂದು ಹೆಮ್ಮೆಪಟ್ಟರು!

ಅತ್ತೆ ಕೆಮ್ಮುತ್ತ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಕೆಮ್ಮು ನಿಂತ ಮೇಲೆ, ಈ ಕಾರು ಗುಜರಿಗೆ ಹೋಗಲಿ, ತನಗೆ ಬಸ್ಸೇ ಸಾಕು ಎಂದರು. ಮಾವ ಇನ್ನೊಂದೇ ಭಾನುವಾರದ ಅವಕಾಶ ಕೇಳಿಕೊಂಡರು. ಕಾರಿನೊಳಗೆ ಒಂದೆಳೆ ಹೊಗೆ ಬಂದರೂ ಮಾರಿಬಿಡುವುದು ಎಂದು ಕರಾರಾಯಿತು. ಆ ವಾರವೆಲ್ಲ ನನಗೆ ಊಟ ರುಚಿಸಲಿಲ್ಲ. ಮನೆಯಲ್ಲಿ ಕುಕ್ಕರು ಕೂಗಿದರೂ ಗೋಡೆಗೆ ಅಂಟಿ ನಿಲ್ಲುತ್ತಿದ್ದೆ.

ಎರಡನೆಯ ಭಾನುವಾರ ಮಾವ ಉಸುಕನ್ನು ರೊಟ್ಟಿಯ ಹಂಚಿನ ಮೇಲೆ ಹುರಿದರು. ನಾನು ಮಂತ್ರ ಹೇಳುತ್ತ, ಕಣ್ಣು ಮುಚ್ಚಿ ಚಕ್ರ ತಿರುಗಿಸಿದೆ. ನಾಲ್ಕೂ ಬಗ್ಗಿದವು. ನಾಲ್ಕರ ಉದ್ದವೂ ಒಂದೇ ಇರಬೇಕಂತೆ. ಡೊಂಕು ಪೈಪಿನ ಉದ್ದ ಅಳೆಯುವುದು ಹೇಗೆ? ಮಾವ ಪ್ರತಿಯೊಂದಕ್ಕೂ ಜೋಳ ತುಂಬಿ ಅಳೆದರು, ಹೆಚ್ಚು ಕಾಳು ಹಿಡಿದದ್ದನ್ನು ಗರಗಸದಿಂದ ಕೊಯ್ದು ಸರಿಮಾಡಿದರು. ಆ ಜೋಳ ಗಿರಣಿಗೆ ಹೋಗಿ, ಮಧ್ಯಾಹ್ನ ರೊಟ್ಟಿಯಾಗಿ ನನ್ನ ತಟ್ಟೆಗೆ ಬಂತು. ರುಚಿ ಹೇಗೋ ಇದೆಯಲ್ಲ ಎಂದರೆ, ಕಬ್ಬಿಣದ ಅಂಶ ಮೈಗೆ ಒಳ್ಳೆಯದು ಎಂದರು ಮಾವ.

ಸಂಜೆಗೆ ಬೆಸುಗೆ ಮುಗಿದು, ಹೆಡರ್ ಎಂಜಿನ್ನಿಗೆ ಬಿಗಿದದ್ದಾಯಿತು. ಕಾರು ಶುರುವಾಯಿತು. ಆಗ ಮಾವ ತೆಗೆದರು ನೋಡಿ ಕೊನೆಯ ಪರೀಕ್ಷೆ: ಎಂಜಿನ್ನು ಚಾಲೂ ಇಟ್ಟು, ಕಿಟಕಿಯೆಲ್ಲ ಏರಿಸಿ, ಅರ್ಧ ತಾಸು ತಾವೊಬ್ಬರೇ ಒಳಗೆ ಕೂತು ಹೊಗೆ ಬರುತ್ತದೋ ನೋಡುತ್ತಾರಂತೆ! ಹಾಗೆ ಕೂತವರು ಕೂತಲ್ಲೇ ಹೋದ ಸುದ್ದಿಯನ್ನು ನಾನು ಪತ್ರಿಕೆಯಲ್ಲಿ ಓದಿದ್ದೇನೆ. ಜೀವ ತೆಗೆಯುವ ಆ ಹೊಗೆಗೆ ವಾಸನೆಯೂ ಇರುವುದಿಲ್ಲವಂತೆ. ಬಾಗಿಲು ಮುಚ್ಚಗೊಡದೆ ಎರಡೂ ಕೈಯಿಂದ ಹಿಡಿದು ನಿಂತೆ. ಮಾವನಿಗೆ ನಾನು ಎದುರಾಡಿದ್ದು ಅದೇ ಮೊದಲು.

ಅಷ್ಟರಲ್ಲಿ ಅತ್ತೆ ಸೆರಗು ಸರಿಮಾಡಿಕೊಳ್ಳುತ್ತ ಬಂದವರೇ ಹಿಂದಿನ ಬಾಗಿಲು ತೆಗೆದು ಕೂತುಬಿಟ್ಟರು.

"ನೀ ಇಳಿ. ಮೊದಲು ನಾ ನೋಡ್ತೀನಿ," ಎಂದರು ಮಾವ. ದನಿ ಸಣ್ಣಗಾಗಿತ್ತು.

"ಹೊಗಿ ಇದ್ದರ ನಿಮಗಿಂತ ಮೊದಲು ನನ್ನ ಎದಿಗಿ ತಿಳೀತದ," ಎಂದರು ಅತ್ತೆ. "ಕಿಟಕಿ ಇಳಸ್ರಿ. ನಡೀರಿ."

ಮಾವ ಗೇರಿನ ಕೋಲು ಹಿಡಿದರು. ಕೋಲು ಕಟಕಟ ಎಂದಿತು, ಗೇರು ಬೀಳಲಿಲ್ಲ. ಮತ್ತೊಮ್ಮೆ ಎಳೆದರು, ಕಣ್ಣು ಮಾತ್ರ ಹಿಂದಿನ ಸೀಟಿನ ಮೇಲೇ ಇತ್ತು. ನೀವೇ ಹೊಡೀರಿ ಎಂದು ನನಗೆ ಹೇಳಿ, ಇಳಿದು, ಹಿಂದೆ ಅತ್ತೆಯ ಪಕ್ಕದಲ್ಲಿ ಕೂತರು.

ದಂಡೋತಿಯ ಕಡೆ ಹೊರಟೆವು. ರಸ್ತೆ ನೋಡುತ್ತಿದ್ದವನು ನಾನೊಬ್ಬನೇ. ಮಾವ ಅತ್ತೆಯ ಉಸಿರನ್ನೇ ನೋಡುತ್ತಿದ್ದರು, ಅದು ನನಗೆ ಮುಂದಿನ ಕನ್ನಡಿಯಲ್ಲಿ ಕಾಣುತ್ತಿತ್ತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅತ್ತೆ ತಲೆ ಹಿಂದಕ್ಕೆ ಆನಿಸಿ ಕಣ್ಣು ಮುಚ್ಚಿದರು. ನಾನು ಕಾಲನ್ನು ಬ್ರೇಕಿನ ಮೇಲಿಟ್ಟೆ.

"ಏ, ಎಚ್ಚರ ಅದೀ ಇಲ್ಲೊ?" ಮಾವ ಆಕೆಯ ಭುಜ ಅಲುಗಿಸಿದರು.

ಅತ್ತೆ ಕಣ್ಣು ತೆರೆಯಲಿಲ್ಲ. "ಸುಮ್ಮ ಕುಂದ್ರಿ. ಗಾಳಿ ಭಾಳ ಛಲೋ ಬರ್ಲಕತ್ತದ."

ಮಾವ, ಎದುರಿಗೆ ಅಳಿಯನಿದ್ದಾನೆ ಎಂಬುದನ್ನೂ ಮರೆತು, ಮಸಿಮೆತ್ತಿದ ಕೈಯಲ್ಲಿ ಆಕೆಯ ಕೈ ಹಿಡಿದುಕೊಂಡರು. ಕಾಗಿಣಾ ಸೇತುವೆ ದಾಟಿದರೂ ಬಿಡಲಿಲ್ಲ. ವಾಪಸ್ಸು ಎಲ್ಲಿ ತಿರುಗಿಸಲಿ ಎಂದು ಕೇಳಬೇಕೆಂದಿದ್ದ ನಾನು ಕೇಳದೆ ಕಾರು ಓಡಿಸಿದೆ.